ನೀಲಿ ಕಂಟೇನರ್ ಆರಿಸಿದ ದಿನ

ಹಾಸ್ಟೆಲ್, ರೂಮು ಹದಿನಾಲ್ಕು
ಆಗಸ್ಟ್ ೨೧, ಗುರುವಾರ

ಪ್ರೀತಿಯ ಅಪ್ಪ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಐದನೇ ಕ್ಲಾಸಿನಿಂದ ಪ್ರತಿ ಭಾನುವಾರ ಈ ಸಾಲು ಬರೆದು ಎಷ್ಟು ರೂಢಿಯಾಗಿದೆ ಎಂದರೆ, ಚೆನ್ನಾಗಿಲ್ಲದಾಗಲೂ ಪೆನ್ನು ಅದನ್ನೇ ಬರೆಯುತ್ತದೆ. ಆಗೆಲ್ಲ ವಾರ್ಡನ್ ಓದಿದ ಮೇಲೆ ಕವರು ಅಂಟಿಸುತ್ತಿದ್ದರು. ಇದನ್ನು ಯಾರೂ ಓದಿಲ್ಲ, ಅದಕ್ಕೇ ಭಯ. ತಡವಾಯಿತೆಂದು ಬೈಯಬೇಡ. ನಿನ್ನ ಮೂರು ಮೆಸೇಜಿಗೂ ಬರೀ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗಿದ್ದೆ. ಫೋನಿನಲ್ಲಾದರೆ ನೀನು "ಆಯ್ತು ಬಿಡು, ಊಟ ಆಯ್ತಾ?" ಎಂದುಬಿಡುತ್ತೀಯ, ನಾನೂ "ಆಯ್ತು" ಎಂದು ತಪ್ಪಿಸಿಕೊಳ್ಳುತ್ತೇನೆ. ನನ್ನ ಕನ್ನಡ ಅಲ್ಲಲ್ಲಿ ಎಡವಿದರೆ ನೀನೇ ತಿದ್ದಿಕೊಂಡು ಓದು.

ನೀನು ವಾಚ್‌ಮನ್ ಹತ್ತಿರ ಕೊಟ್ಟು ಹೋದ ಚೀಲ ಸಿಕ್ಕಿತು. ಸಣ್ಣ ಸುತ್ತಿಗೆ, ಟಾರ್ಚು, ಸೀಮೆಸುಣ್ಣ ಮೂರೂ ಇವೆ. ಕಪಾಟಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟಿದ್ದೆ. ಇಟ್ಟಿದ್ದೆ ಅಲ್ಲ, ಬಚ್ಚಿಟ್ಟಿದ್ದೆ.

ಪ್ರಾಜೆಕ್ಟ್ ವಿಷಯ ನಿನಗೆ ಗೊತ್ತೇ ಇದೆ. ಹಳೆಯ ಶಿಪ್ಪಿಂಗ್ ಕಂಟೇನರ್ ಒಂದನ್ನು ತಂದು ಮಕ್ಕಳ ಆಸ್ಪತ್ರೆಯ ಹಿತ್ತಲಲ್ಲಿ ಓದುವ ಕೋಣೆ ಮಾಡಬೇಕು. ಆರ್ಕಿಟೆಕ್ಚರ್ ಮೊದಲ ವರ್ಷದವರಿಗೆ ಇಷ್ಟು ನಿಜವಾದ ಕೆಲಸ ಸಿಗುವುದೇ ಅಪರೂಪ. ನಾವು ನಾಲ್ವರು. ನಮ್ಮ ಲೀಡರನ್ನು ಎಲ್ಲರೂ ಸ್ಕೇಲ್ ಎನ್ನುತ್ತಾರೆ. ಅಷ್ಟು ಉದ್ದ, ಅಷ್ಟೇ ನೇರ.

ಹೇಳಿದಾಗ ನೀನು ಎಷ್ಟು ಖುಷಿಪಟ್ಟೆ! "ನಾನೇ ಬರ್ತೀನಿ ಕಣೇ ಇನ್‌ಸ್ಪೆಕ್ಟ್ರಮ್ಮ. ಅವತ್ತಿಗೆ ರಜೆ ಬರೆದುಕೊಡ್ತೀನಿ. ಕಂಟೇನರ್ ಆರಿಸೋದು ಅಂದ್ರೆ ಟೊಮೆಟೊ ಆರಿಸಿದ ಹಾಗಲ್ಲ." ಎರಡು ದಿನ ಬಿಟ್ಟು ನಾನು "ಡೇಟ್ ಮುಂದಿನ ವಾರಕ್ಕೆ ಹೋಯ್ತಪ್ಪ" ಎಂದೆ. ಹೋಗಿರಲಿಲ್ಲ. ಅದು ಸುಳ್ಳು.

ಕಾರಣ ಬರೆಯಲು ಕೈ ಏಳುತ್ತಿಲ್ಲ. ಕಾಲೇಜಿನ ಮೊದಲ ವಾರ ಎಲ್ಲರೂ ತಮ್ಮ ಅಪ್ಪಂದಿರ ಬಗ್ಗೆ ಹೇಳುವಾಗ ನಾನು "ಶಿಪ್ಪಿಂಗ್‌ನಲ್ಲಿದ್ದಾರೆ" ಎಂದಿದ್ದೆ. ಪೂರ್ತಿ ಸುಳ್ಳೇನಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ಟೈ, ಗಾಜಿನ ಕ್ಯಾಬಿನ್ ಎಲ್ಲ ಕಲ್ಪಿಸಿಕೊಂಡರು. ನಾನು ತಡೆಯಲಿಲ್ಲ. ಕಿಡಿ ಸಿಡಿದು ಜರಡಿಯಾದ ನಿನ್ನ ಅಂಗಿ ಅವರ ಕಣ್ಣಿಗೆ ಬೀಳಬಾರದಿತ್ತು. ಅದೇ ಅಂಗಿ ನನ್ನನ್ನು ಇಂಗ್ಲಿಷ್ ಶಾಲೆಗೆ ಕಳಿಸಿತು, ಅಲ್ಲಿ ನಾನು ಕಲಿತದ್ದು ಇದನ್ನು.

ಹಳೆಯ ಕಂಟೇನರ್ ಮಾರುವ ಯಾರ್ಡಿನಲ್ಲಿ ಇಪ್ಪತ್ತು ಅಡಿಯವು ಎರಡು ತೋರಿಸಿದರು. ಒಂದು ಕಂದು, ಮೈತುಂಬ ತೇಪೆ. ಇನ್ನೊಂದು ನೀಲಿ, ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಕಂದು ಕಂಟೇನರ್ ಹತ್ತಿರ ಹೋಗಿ ನೋಡಿದೆ. ತೇಪೆಗಳ ಮೂಲೆಗಳೆಲ್ಲ ದುಂಡಗಿದ್ದವು. "ಚೌಕ ಕತ್ತರಿಸಿದ್ರೆ ಮೂಲೆಯಿಂದ ಬಿರುಕು ಬಿಡುತ್ತೆ ಮಗಾ" ಎನ್ನುತ್ತಿದ್ದೆಯಲ್ಲ. ಅದು ನಿನ್ನ ಕೈಯದೋ ಬೇರೆಯವರದೋ, ಗೊತ್ತಿಲ್ಲ.

"ಏನ್ರೇ ಇದು, ಹರಿದ ಪ್ಯಾಂಟ್ ಥರ!" ಎಂದಳು ಸ್ಕೇಲ್.

ಯಾರ್ಡಿನ ಮೇಸ್ತ್ರಿಗೆ ಬೇಜಾರಾಯಿತು. "ನಗಬೇಡ್ರಮ್ಮ. ಯಾರೋ ಒಳ್ಳೆ ಕೆಲಸಗಾರ ಮುಟ್ಟಿದ್ದಾನೆ ಇದನ್ನ. ಬೇಕಾದ್ರೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ನೋಡಿ."

"ಬಾಗಿಲು ಹಾಕ್ಕೊಂಡಾ? ಯಾಕಂಕಲ್, ನಮ್ಮನ್ನೇ ಎಕ್ಸ್‌ಪೋರ್ಟ್ ಮಾಡ್ತೀರಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ ಅಪ್ಪ. ಎಲ್ಲರಿಗಿಂತ ಜೋರಾಗಿ.

ಬಾಗಿಲು ಯಾಕೆ ಹಾಕಿಕೊಳ್ಳಬೇಕು ಎಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ರಜೆಯಲ್ಲಿ ನೀನು ನನ್ನನ್ನು ಕಂಟೇನರ್ ಒಳಗೆ ನಿಲ್ಲಿಸಿ ಬಾಗಿಲು ಮುಚ್ಚಿ, "ಎಷ್ಟು ನಕ್ಷತ್ರ ಹೇಳು ಇನ್‌ಸ್ಪೆಕ್ಟ್ರಮ್ಮ" ಎಂದು ಹೊರಗಿನಿಂದ ಕೂಗುತ್ತಿದ್ದೆ. ಬೆಳಕು ತೂರುವ ಕಡೆಯೆಲ್ಲ ನೀರೂ ತೂರುತ್ತದೆ. ನಾನು ಸೀಮೆಸುಣ್ಣದಲ್ಲಿ ಒಂದೊಂದಕ್ಕೂ ಸುತ್ತು ಹಾಕುತ್ತಿದ್ದೆ. ಆಮೇಲೆ ಸುತ್ತಿಗೆಯಲ್ಲಿ ತಟ್ಟಿ ನೋಡಬೇಕು. ಠಣ್ ಎಂದರೆ ಕಬ್ಬಿಣ, ದಬ್ ಎಂದರೆ ಬಣ್ಣದ ಕೆಳಗೆ ತುಕ್ಕು. ಇಷ್ಟನ್ನು ಹೇಳಿದ್ದರೆ "ನಿಂಗೆ ಹೇಗೆ ಗೊತ್ತೇ?" ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆಗೆ ಹೆದರಿ ಫೋನ್ ನೋಡುತ್ತ ನಿಂತೆ. ಕೈ ಎತ್ತಿ ಓಟು ಹಾಕಿದಾಗ ನನ್ನದೂ ನೀಲಿಗೇ.

ಮುಂದಿನದನ್ನು ನೀನು ಊಹಿಸಿರುತ್ತೀಯ. ಹೋದ ವಾರ ಎರಡು ದಿನ ಮಳೆ. ಯಾರ್ಯಾರೋ ಕೊಟ್ಟಿದ್ದ ಪುಸ್ತಕಗಳನ್ನು ಹಿತ್ತಲಿಗೆ ತಂದಿಟ್ಟ ನೀಲಿ ಕಂಟೇನರ್ ಒಳಗೆ ಜೋಡಿಸಿದ್ದೆವು. ಎರಡು ಪೆಟ್ಟಿಗೆ ನೆನೆದು ಮುದ್ದೆಯಾಗಿವೆ. ಈ ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಹಿತ್ತಲು ಖಾಲಿ ಮಾಡಿ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಪುಟ್ಟ ಹುಡುಗಿಯೊಬ್ಬಳು ಕಿಟಕಿಯಿಂದ ದಿನಾ ಕೇಳುತ್ತಾಳೆ, "ಅಕ್ಕಾ, ಯಾವಾಗ ಓಪನ್ನು?" ಲೆಕ್ಚರರ್ "ಇದನ್ನ ಚೆಕ್ ಮಾಡಿದ್ದು ಯಾರು?" ಎಂದಾಗ ಸ್ಕೇಲ್ ಎದ್ದು ನಿಂತು "ನಾನೇ ಸರ್" ಎಂದು ಅತ್ತುಬಿಟ್ಟಳು. ನಾನು ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದೆ.

ನಿನ್ನೆ ಬೆಳಿಗ್ಗೆ ಆಸ್ಪತ್ರೆಯ ಮಾಲಿಯ ಹತ್ತಿರ ಬಾಗಿಲು ಹಾಕಿಸಿಕೊಂಡು ಒಬ್ಬಳೇ ಒಳಗೆ ನಿಂತೆ. ಇಪ್ಪತ್ತಮೂರು ನಕ್ಷತ್ರ ಅಪ್ಪ. ನಿನ್ನ ಸೀಮೆಸುಣ್ಣದಲ್ಲೇ ಸುತ್ತು ಹಾಕಿದ್ದೇನೆ.

ಅಲ್ಲಿಂದ ಸೀದಾ ಕ್ಲಾಸಿಗೆ ಹೋಗಿ ಹೇಳಿದೆ, ನಮ್ಮಪ್ಪ ಕಂಟೇನರ್ ವೆಲ್ಡರ್, ಅವರು ಬಂದರೆ ಸರಿಮಾಡುತ್ತಾರೆ ಎಂದು. ಯಾರೂ ನಗಲಿಲ್ಲ. ಸ್ಕೇಲ್ ಮಾತ್ರ ನನ್ನನ್ನೇ ನೋಡಿ, "ಇದನ್ನ ಅವತ್ತೇ ಬಾಯಿಬಿಡೋಕೆ ಏನಾಗಿತ್ತೇ ನಿಂಗೆ?" ಎಂದಳು.

ಮುಂದಿನ ಶನಿವಾರ ಬರುತ್ತೀಯಾ? ಬರಲು ಮನಸ್ಸಿಲ್ಲದಿದ್ದರೆ ಹಾಗೇ ಹೇಳು, ಸುಮ್ಮನೆ ರಜೆ ಇಲ್ಲ ಎನ್ನಬೇಡ. ಬಂದರೆ ಆ ಅಂಗಿಯಲ್ಲೇ ಬಾ. ಅಮ್ಮನಿಗೆ ನನ್ನ ಕೆಮ್ಮು ಹೋಗಿದೆ ಎಂದು ತಿಳಿಸು. ನೀನು ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುವುದನ್ನು ಮರೆಯಬೇಡ. ತಲೆಯ ಮೇಲೆ ಕೈಯಿಟ್ಟು ಹರಸು ಎಂದು ಬರೆಯಲು ಮುಖವಿಲ್ಲ. ಕೆಳಗಿನದನ್ನೂ ಓದಿದ ಮೇಲೆ ಇಡಬೇಕೆನಿಸಿದರೆ ಇಡು.

ನಿನ್ನ ಮಗಳು
(ಇನ್‌ಸ್ಪೆಕ್ಟ್ರಮ್ಮ ಎಂದು ಸಹಿ ಹಾಕಲು ಇವತ್ತು ಧೈರ್ಯವಿಲ್ಲ)

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲಾಗಲಿಲ್ಲ, ಅಷ್ಟೇ. ಬರೆದುಕೊಟ್ಟ ರಜೆ ಹಾಳಾಗಬಾರದೆಂದು, ಚೀಲವನ್ನಾದರೂ ಕೊಟ್ಟು ಹೋಗೋಣವೆಂದು ನೀನು ಬಂದ ದಿನವೇ ನಾವು ಯಾರ್ಡಿಗೆ ಹೊರಟದ್ದು. ನಮ್ಮ ವ್ಯಾನು ಗೇಟು ದಾಟುವಾಗ ನೀನು ವಾಚ್‌ಮನ್ ಪಕ್ಕ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಒಂದೊಂದೇ ಕಿಟಕಿ ಹುಡುಕುತ್ತಿದ್ದೆ. ನೀನು ನನ್ನನ್ನು ನೋಡಿದೆಯೋ ಇಲ್ಲವೋ, ಇವತ್ತಿಗೂ ಒಂದು ಮಾತು ಕೇಳಿಲ್ಲ. ನಾನು ನಿನ್ನನ್ನು ನೋಡಿದೆ ಅಪ್ಪ. ಬಗ್ಗಿ ಕೂತೆ. ಪಕ್ಕದವಳು "ಏನಾಯ್ತೇ?" ಎಂದಾಗ "ಶೂ ಲೇಸ್ ಬಿಚ್ಕೊಂಡಿದೆ" ಎಂದೆ. ವ್ಯಾನು ತಿರುವು ದಾಟುವವರೆಗೂ ತಲೆ ಎತ್ತಲಿಲ್ಲ. ಅವತ್ತು ನನ್ನ ಕಾಲಲ್ಲಿ ಇದ್ದದ್ದು ಚಪ್ಪಲಿ.