ಕಬರಿಗೆ ಎಪ್ಪತ್ತಾರು

ನಾಲತವಾಡ
೨ ಜೂನ್ ೧೯೭೬

ಪ್ರೀತಿಯ ಕಸ್ತೂರಿ ಅಕ್ಕನಿಗೆ ತಮ್ಮ ಗುರಪ್ಪನ ನಮಸ್ಕಾರಗಳು.

ನೀನು, ಮಾಮಾ, ಅತ್ತೆಯವರು ಆರಾಮ ಇದ್ದೀರೆಂದು ನಂಬಿದ್ದೇನೆ. ಆಲಮೇಲದ ಕಬ್ಬು ತಿಂದು ದಪ್ಪಗಾಗಿದ್ದರೆ ಮುಚ್ಚಿಡದೆ ತಿಳಿಸು. ಇಲ್ಲಿ ಎಲ್ಲರೂ ಕ್ಷೇಮ, ನಿನ್ನ ಬೆಕ್ಕು ಕಬರಿಯೊಬ್ಬಳನ್ನು ಬಿಟ್ಟು.

ಕಬರಿ ಇಲಿ ಹಿಡಿಯುವುದನ್ನು ಬಿಟ್ಟು ವರ್ಷವಾಯಿತು. ಇಲಿಗಳು ಜೋಳದ ಚೀಲ ಕಡಿಯುವಾಗ ಪಕ್ಕದಲ್ಲೇ ಮಲಗಿರುತ್ತಾಳೆ. ಹೋದ ವಾರ ಅಪ್ಪನ ತಾಳ್ಮೆ ಮುಗಿಯಿತು. "ಲೇ ಗುರ್ಯಾ, ಕೂತು ಉಣ್ಣಾವರನ್ನ ಸಾಕಾಕ ಇದೇನ ಮಠ ಅಲ್ಲ. ತಂಗಡಗಿ ಹೊಳಿ ದಾಟಿಸಿ ಬಿಟ್ಟ ಬಾ" ಎಂದು ಹುಕುಂ ಆಯಿತು. ಬುಟ್ಟಿಯಲ್ಲಿ ಕೂರಿಸಿಕೊಂಡು ಹೊರಟ ನಾನು ಮನಸ್ಸು ಬಾರದೆ ದನದ ದವಾಖಾನೆಯ ನಬಿಲಾಲ ಡಾಕ್ಟರ ಬಳಿ ಹೋದೆ. ಅವರು ಹಲ್ಲು ನೋಡಿ ವಯಸ್ಸು ಕೇಳಿದರು. ನೀನು ಎರಡನೇ ಇಯತ್ತೆಯಲ್ಲಿದ್ದಾಗ ಲಂಗದಲ್ಲಿ ಮುಚ್ಚಿ ತಂದ ಮರಿ, ಈಗ ಹದಿನೈದು ವರ್ಷ ಎಂದೆ. ಬೆಕ್ಕಿನ ಮೊದಲ ವರ್ಷ ಮನುಷ್ಯರ ಹದಿನೈದಕ್ಕೆ ಸಮವಂತೆ, ಎರಡನೆಯದು ಒಂಬತ್ತಕ್ಕೆ, ಆಮೇಲೆ ವರ್ಷಕ್ಕೆ ನಾಲ್ಕು. "ಎಪ್ಪತ್ತಾರು ಆತು ನೋಡು. ಕಣ್ಣ ಮಬ್ಬಾಗ್ಯಾವ, ಕೀಲ ಹಿಡದಾವ. ಇಲಿ ಹಿಡಿ ಅಂದ್ರ ಹೆಂಗ ಹಿಡೀತಾಳೋ?"

ಮನೆಗೆ ಬಂದು ಈ ಲೆಕ್ಕ ಒಪ್ಪಿಸಿದೆ. ಎಪ್ಪತ್ತಕ್ಕೆ ಬಂದ ಆಯಿ ಗಾಬರಿಯಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಅಯ್ಯ ನನ್ನವ್ವಾ, ನನಗಿಂತ ಹಿರ್ಯಾಕಿ! ಈಕಿ ಮುಂದ ಕಾಲ ಚಾಚಿ ಕೂತಿದ್ನಲ್ಲೋ!" ಅಂದಿನಿಂದ ಮನೆಯ ಪದ್ಧತಿ ಬೆಕ್ಕಿಗೂ ಸಂದಿದೆ: ಹಿರಿಯರು ಉಣ್ಣದೆ ಯಾರೂ ಉಣ್ಣುವಂತಿಲ್ಲ. ಹಾಲಲ್ಲಿ ನೆನೆಸಿದ ರೊಟ್ಟಿ ಮೊದಲು ಕಬರಿಗೆ. ಆಕೆ ಮೂಸಿ, ಯೋಚಿಸಿ, ನಡುವೆ ಒಂದು ನಿದ್ದೆ ತೆಗೆದು ಉಂಡು ಮುಗಿಸುವ ತನಕ ಐವತ್ತೈದರ ಅಪ್ಪ ಖಾಲಿ ತಾಟಿನ ಮುಂದೆ ಕೈಕಟ್ಟಿ ಕೂರಬೇಕು. "ಅವ್ವಾ, ಹಸಿವಿ ಆಗೇತಿ" ಎಂದರೆ ಆಯಿ ಗದರುತ್ತಾಳೆ: "ಹಿರ್ಯಾರ ಉಣ್ಣಾಕತ್ತಾರ, ಸುಮ್ಮ ಕೂಡೋ ಖಂಡೆಪ್ಪ!" ಹೊಳೆ ದಾಟಿಸುವ ಮಾತನ್ನು ಅಪ್ಪ ಮತ್ತೆ ಎತ್ತಿಲ್ಲ.

ಪಂಚಮಿಗೆ ಬಂದು ಕಬರಿಯನ್ನು ಆಲಮೇಲಕ್ಕೆ ಕರೆದೊಯ್ಯುತ್ತೇನೆ ಎಂದು ಬರೆದಿದ್ದೀಯಲ್ಲ, ಆ ಮುದುಕಿಗೆ ಬಸ್ಸಿನ ಕುಲುಕಾಟ ಆಗದು. ಇಲ್ಲೇ ಇರಲಿ.

ಮಾಮಾನಿಗೆ ನಮಸ್ಕಾರ ತಿಳಿಸು. ಆಯಿ ಹರಸಿದ್ದಾಳೆ. ಹಿರಿಯಳಾದ್ದರಿಂದ ಕಬರಿಯ ಆಶೀರ್ವಾದವೂ ಜೊತೆಗಿದೆ.

ನಿನ್ನ ತಮ್ಮ,
ಗುರಪ್ಪ

ತಾ.ಕ.: ಲಕೋಟೆ ಅಂಟಿಸುವಾಗ ಅಪ್ಪ ಕೈ ಹಿಡಿದ. ನೀನು ಗಾಬರಿಯಾಗಬಾರದೆಂದು ಮೇಲೆ ಬರೆದಿರಲಿಲ್ಲ, ಕಬರಿ ನಿನ್ನೆಯಿಂದ ಹಾಲನ್ನೂ ಮುಟ್ಟಿಲ್ಲ. ಹೆಸರು ಬಿತ್ತುವ ಹದ ಬಂದಿದೆ, ಹೂಡಿದ ಎತ್ತುಗಳು ಕಾದು ನಿಂತಿವೆ. ಅಪ್ಪ ಮಾತ್ರ ಆಕೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾನೆ. ಹೇಳಿ ಬರೆಸುತ್ತಿರುವವನೂ ಅವನೇ: "ಪಂಚಮಿ ನಮಗ ಎರಡ ತಿಂಗಳ, ಆಕಿಗೆ ಎಂಟ ತಿಂಗಳ. ಅಷ್ಟ ತಡ್ಯಾಂಗಿಲ್ಲ ಈಕಿ. ಕಾಗದ ಮುಟ್ಟಿದ ದಿನಾನ ಬಸ್ ಹತ್ತು ಅಂತ ಬರಿ."