ಕೆರೆಯವಳ ಸಿನಿಮಾ ನೋಡಿ ಬಂದ ಮೇಲೆ

ಅಂಗಡಿಯಿಂದ,
ತಾರೀಕು ಹದಿನಾಲ್ಕು, ಮಧ್ಯಾಹ್ನ

ಚೂಟಿಯ ಅಮ್ಮನಿಗೆ, ಚೂಟಿಯ ಅಪ್ಪ ಪ್ರೀತಿಯಿಂದ ಬರೆಯುವುದು.

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ನೀನು ನೋಡಿಕೊಳ್ಳುವ ಆ ಅಜ್ಜಿಯನ್ನು ಹಾಸಿಗೆಯಿಂದ ಒಬ್ಬಳೇ ಎತ್ತಬೇಡ, ಇನ್ನೊಬ್ಬರನ್ನು ಕರೆ ಎಂದು ಎಷ್ಟು ಸಲ ಹೇಳಿದರೂ ನೀನು ಹೂಂ ಅನ್ನುತ್ತೀಯ, ಮಾಡುವುದು ಮಾತ್ರ ನಿನ್ನಿಷ್ಟದಂತೆಯೇ. ಅಲ್ಲಿ ಚಳಿ ಶುರುವಾಗಿದೆ ಅಂದಿದ್ದೆ. ಕಾಲುಚೀಲ ಎರಡೆರಡು ಹಾಕಿಕೊಂಡು ಮಲಗು. ಅಜ್ಜಿ ಈಗಲೂ ನಿನ್ನನ್ನು ತಮ್ಮ ಮಗಳೆಂದೇ ತಿಳಿದು ಬೈಯುತ್ತಾರೋ? ಪಾಪ, ಬೈಯಲಿ ಬಿಡು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಂದರೆ ಜ್ವರ, ನೆಗಡಿ ಏನೂ ಇಲ್ಲ. ಫೋನಿರುವಾಗ ಇವನಿಗೇಕೆ ಕಾಗದದ ಹುಚ್ಚು ಎಂದು ನೀನು ಗಾಬರಿಯಾಗಿರಬಹುದು. ನಮ್ಮ ಎರಡು ಕೋಣೆಯ ಮನೆಯಲ್ಲಿ ಪಿಸುಗುಟ್ಟಿದರೂ ಚೂಟಿಗೆ ಕೇಳುತ್ತದೆ, ಅಂಗಡಿಯಲ್ಲಿ ಪಿಸುಗುಟ್ಟಿದರೆ ಊರಿಗೇ ಕೇಳುತ್ತದೆ. ಅದಕ್ಕೇ ಊಟದ ಹೊತ್ತಿನಲ್ಲಿ ಶಟರ್ ಅರ್ಧ ಇಳಿಸಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ. ಕತ್ತರಿ ಹಿಡಿದ ಕೈ ಪೆನ್ನಿಗೆ ಬಗ್ಗುವುದಿಲ್ಲ.

ಇಷ್ಟು ದಿನ ನೀನು ಫೋನ್ ಮಾಡಿದಾಗಲೆಲ್ಲ, ಚೂಟಿ ಮಲಗಿದ್ದಾಳೆ, ಸ್ನಾನಕ್ಕೆ ಹೋಗಿದ್ದಾಳೆ, ಮೇಲ್ಮನೆ ಅಕ್ಕನ ಹತ್ತಿರ ಲೆಕ್ಕ ಹೇಳಿಸಿಕೊಳ್ಳುತ್ತಿದ್ದಾಳೆ ಎಂದು ನಾನು ಹೇಳಿದ್ದೆಲ್ಲ ಸುಳ್ಳು. ಅವಳು ಅಲ್ಲೇ ಇರುತ್ತಾಳೆ, ಬಟ್ಟೆಯ ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಮೊಣಕಾಲಿಗೆ ಗಲ್ಲ ಊರಿಕೊಂಡು. ಫೋನು ಕೊಡಹೋದರೆ ಎರಡೂ ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯುತ್ತಾಳೆ. ನಿನ್ನ ಮೇಲೆ ಸಿಟ್ಟಲ್ಲ. ನೀನು ಹಾಗೆ ತಿಳಿದು ಅಲ್ಲಿ ಒಬ್ಬಳೇ ಕೂತು ಅಳಬಾರದು ಎಂದೇ ನಡೆದದ್ದನ್ನೆಲ್ಲ ಬರೆಯುತ್ತೇನೆ. ಸಮಾಧಾನದಿಂದ ಓದು.

ಇದೆಲ್ಲ ಶುರುವಾದದ್ದು ಒಂದು ಸಿನಿಮಾದಿಂದ. ಮೇಲ್ಮನೆ ಅಕ್ಕನಿಗೆ ಅವರ ಆಫೀಸಿನಲ್ಲಿ ಎರಡು ಟಿಕೆಟ್ ಕೊಟ್ಟಿದ್ದರಂತೆ, ಮಗುವನ್ನು ಕರೆದುಕೊಂಡು ಹೋಗು ಎಂದು ನನಗೆ ದಾಟಿಸಿದರು. ಪೋಸ್ಟರಿನಲ್ಲಿ ನೀಲಿ ಕೆರೆ, ಚಿನ್ನದ ಬಣ್ಣದ ಮೀನು. ಬೆಳ್ಳಗಿದ್ದದ್ದೆಲ್ಲ ಹಾಲು ಅಂದುಕೊಂಡೆ. ಅದೂ ನೀನು ಅವಳಿಗೆ ಮಲಗುವಾಗ ಓದುತ್ತಿದ್ದ ಆ ಹಳೆಯ ಚಿತ್ರದ ಪುಸ್ತಕದ ಕಥೆಯೇ. ಸೌದೆ ತರಲು ಹೋದ ತಾಯಿಯನ್ನು ಕೆರೆಯವಳೆಂಬ ದೆವ್ವ ನೀರೊಳಗೆ ಹಿಡಿದಿಟ್ಟು, ತಾಯಿಯ ಮುಖ ತೊಟ್ಟು ಮನೆಗೆ ಬರುವ ಕಥೆ. ಪುಸ್ತಕದಲ್ಲಿ ಮಗು ಒಂದೇ ನೋಟಕ್ಕೆ ಕಂಡುಹಿಡಿದು ಕೆರೆಯ ದಡಕ್ಕೆ ಓಡಿ ಕೂಗುತ್ತದೆ, ತಾಯಿ ಎದ್ದು ಬರುತ್ತಾಳೆ, ಕೆರೆಯವಳು ಕಪ್ಪೆಯಾಗುತ್ತಾಳೆ. ಕಥೆ ಅಷ್ಟೇ ತಾನೇ? ಈ ಸಿನಿಮಾ ತೆಗೆದ ಮಹಾನುಭಾವರು ಅದನ್ನು ತಲೆಕೆಳಗು ಮಾಡಿಬಿಟ್ಟಿದ್ದಾರೆ. ಇದರಲ್ಲಿ ಕೆರೆಯವಳು ಕೆಟ್ಟವಳೇ ಅಲ್ಲ. ಹೊತ್ತಿಗೆ ಸರಿಯಾಗಿ ಉಣಿಸುತ್ತಾಳೆ, ಗದರುವುದೇ ಇಲ್ಲ, ಹುಡುಗಿಯ ತಲೆ ಬಾಚುತ್ತಾಳೆ. ಆ ಬಾಚುವುದನ್ನು ನೋಡಿಯೇ ನನಗೆ ಮೈ ಜುಂ ಅಂದಿತು. ಬಾಚಣಿಗೆ ಬುಡದಿಂದ ತುದಿಯವರೆಗೆ ಎಲ್ಲೂ ತಡೆಯದೆ ಹರಿಯುತ್ತದೆ. ಸಿಕ್ಕೇ ಇಲ್ಲದ ತಲೆ ನಾನಂತೂ ಈವರೆಗೆ ಕಂಡಿಲ್ಲ. ಹುಡುಗಿ ಮೊದಮೊದಲು ಅನುಮಾನಪಡುತ್ತಾಳೆ, ಆಮೇಲೆ ನಿಧಾನವಾಗಿ ಅವಳಿಗೇ ಒಗ್ಗಿಹೋಗುತ್ತಾಳೆ. ಕೊನೆಗೆ ಹೆತ್ತ ತಾಯಿ ಹೇಗೋ ಬಿಡಿಸಿಕೊಂಡು ಬಂದು ಕಿಟಕಿಯ ಹೊರಗೆ ನಿಲ್ಲುತ್ತಾಳೆ. ಹುಡುಗಿ ಅವಳನ್ನು ನೋಡಿ, ಯಾರೋ ಹೆಂಗಸು ನಿಂತಿದ್ದಾಳೆ ಎಂದು ಒಳಗಿನವಳಿಗೆ ಹೇಳಿ ಕಿಟಕಿ ಮುಚ್ಚುತ್ತಾಳೆ. ತಾಯಿ ತಿರುಗಿ ಕೆರೆಯೊಳಕ್ಕೆ ನಡೆದುಹೋಗುತ್ತಾಳೆ. ಅಷ್ಟಕ್ಕೇ ಮುಗಿಯಿತು.

ದೆವ್ವದ ಸಿನಿಮಾ ಎಂದರೆ ನಾನು ಮದುವೆಗೆ ಮುಂಚೆ ಸಾಲಿನಲ್ಲಿ ನಿಂತು ನೋಡುತ್ತಿದ್ದವನು, ನಿನಗೆ ಗೊತ್ತು. ನೀನು ನನ್ನ ತೋಳು ಚಿವುಟಿ ಚಿವುಟಿ ನೀಲಿ ಮಾಡಿದ್ದೂ ಗೊತ್ತು. ಆಗ ಬಾಗಿಲು ಕಿರುಗುಟ್ಟಿದರೆ ಹೆದರುತ್ತಿದ್ದೆವು, ಹೊರಗೆ ಬಂದು ಬಿಸಿಲು ಕಂಡರೆ ನಗುತ್ತಿದ್ದೆವು. ಇದರಲ್ಲಿ ಒಂದು ಬಾಗಿಲೂ ಕಿರುಗುಟ್ಟಲಿಲ್ಲ. ಆದರೂ ಹೊರಗೆ ಬಂದಾಗ ನನಗೆ ಬಸ್ಸಿನ ನಂಬರು ಓದಲು ಎರಡು ಸಲ ನೋಡಬೇಕಾಯಿತು. ಚೂಟಿ ಅಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಬೇಡ ಅಂದಳು, ಅಷ್ಟೇ.

ಮನೆಗೆ ಬಂದು ಸಂಜೆಯೇ ಆ ಪುಸ್ತಕ ಹುಡುಕಿ ತೆಗೆದು ಓದಿ ಹೇಳಿದೆ. ನೋಡು ಮಗಳೇ, ನಿಜವಾದ ಕಥೆ ಇದು, ಸಿನಿಮಾದವರದ್ದು ಸುಳ್ಳು ಅಂದೆ. ಕಪ್ಪೆಯಾಗುವ ಜಾಗದಲ್ಲಿ ಕಪ್ಪೆಯ ಹಾಗೆ ಕೂಗಿಯೂ ತೋರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ‘ಮುಗೀತಾ?’ ಅಂದಳು. ಮುಗಿಯಿತು ಅಂದೆ. ‘ಅಮ್ಮ ಓದಿದ್ರೆ ಇನ್ನೂ ಇರ್ತಿತ್ತು’ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಪುಟ ಹಿಂದೆ ಮುಂದೆ ತಿರುಗಿಸಿ ನೋಡಿದೆ, ಇನ್ನೇನೂ ಇರಲಿಲ್ಲ. ನೀನು ಅವಳಿಗೆ ಓದುವ ಹೊತ್ತಿಗೆ ನಾನು ಅಂಗಡಿ ಗುಡಿಸುತ್ತಿರುತ್ತಿದ್ದೆ, ನನಗೇನು ಗೊತ್ತು?

ಅದರ ಮುಂದಿನ ಸಲ ನೀನು ಫೋನ್ ಮಾಡಿದಾಗ ಅವಳು ಕೇಳಿದ್ದು ನೆನಪಿದೆಯೇ? ನೀನು ಆಗತಾನೇ ಕೆಲಸ ಮುಗಿಸಿ ಬಂದಿದ್ದೆ, ಕಣ್ಣು ಎಳೆಯುತ್ತಿತ್ತು. ಚೂಟಿ ಫೋನಿನ ಪರದೆಗೆ ಮುಖ ಒತ್ತಿಕೊಂಡು, ಕೆರೆಯವಳ ಕಥೆಯ ಕೊನೆಯಲ್ಲಿ ನೀನು ಏನು ಸೇರಿಸಿ ಹೇಳುತ್ತಿದ್ದೆ ಎಂದು ಕೇಳಿದಳು. ನೀನು ಆಕಳಿಸುತ್ತಲೇ ‘ಪುಸ್ತಕದಲ್ಲಿದ್ದದ್ದನ್ನೇ ಓದ್ತಿದ್ದೆ ಕಂದಾ, ಬೇರೆ ಏನಿರುತ್ತೆ?’ ಅಂದೆ. ಅವಳು ಫೋನು ನನ್ನ ಕೈಗಿಟ್ಟು ಎದ್ದುಹೋದಳು. ನಾವಿಬ್ಬರೂ ಗ್ಯಾಸ್ ಸಿಲಿಂಡರಿನ ವಿಷಯ ಮಾತಾಡಿದೆವು. ಅವತ್ತಿನಿಂದ ಅವಳು ಫೋನು ಮುಟ್ಟಿಲ್ಲ.

ನಾನು ಏನು ತಿಳಿದುಕೊಂಡೆ ಹೇಳು. ಇವಳು ನಿನ್ನನ್ನು ಪರೀಕ್ಷೆ ಮಾಡಿದಳು, ನೀನು ಫೇಲಾದೆ, ಫೋನಿನಲ್ಲಿ ಕಾಣುವುದು ಕೆರೆಯವಳು ಎಂದು ತೀರ್ಮಾನಿಸಿಬಿಟ್ಟಳು ಎಂದುಕೊಂಡೆ. ಯಾರಾದರೂ ಹಾಗೇ ತಿಳಿಯುತ್ತಿದ್ದರು. ಅಂಗಡಿಯ ಕುರ್ಚಿಯಲ್ಲಿ ಕೂತವರನ್ನೆಲ್ಲ ಉಪಾಯ ಕೇಳಿದೆ. ತಲೆಗೊಂದು ಮಾತು. ರಿಟೈರಾದ ಮೇಷ್ಟ್ರು, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು, ಅದೇ ಸಿನಿಮಾವನ್ನು ಇನ್ನೊಮ್ಮೆ ತೋರಿಸು ಅಂದರು. ಬೇಕಿತ್ತೇ ನನಗೆ! ಆ ದೊಡ್ಡ ಮೀಸೆಯ ಲಾರಿ ಡ್ರೈವರ್ ಇದ್ದಾನಲ್ಲ, ಅವನು ಮಾತ್ರ ಕೆನ್ನೆಯ ನೊರೆಯೊಳಗಿಂದಲೇ ಮೆಲ್ಲಗೆ, ‘ನಾನೂ ನೋಡ್ದೆ ಅಣ್ಣಾ. ಮನೆಗೆ ಹೋಗಿ ಎರಡು ದಿನ ಹೆಂಡ್ತಿ ಮುಖಾನೇ ಸರಿಯಾಗಿ ನೋಡ್ಲಿಲ್ಲ’ ಅಂದ. ಊರಿನ ತಲೆಗಳೆಲ್ಲ ನನ್ನ ಕೈಯಲ್ಲಿ ಹಾದುಹೋಗುತ್ತವೆ, ಮಗಳ ತಲೆಯೊಳಗೆ ಏನಿದೆ ಎಂಬುದು ಮಾತ್ರ ತಿಳಿಯಲಿಲ್ಲ. ಅದು ಅಮ್ಮನೇ ಕಣೇ, ಆಣೆಗೂ ಅಮ್ಮನೇ ಎಂದು ದಿನಾ ಹೇಳಿದೆ. ಅವಳು ನನ್ನನ್ನು ಕನಿಕರದಿಂದ ನೋಡುತ್ತಿದ್ದಳು.

ಮೊನ್ನೆ ಶನಿವಾರ ಸ್ಕೂಲಿನಿಂದ ಅಂಗಡಿಗೇ ಬಂದಳು. ಕೂದಲು ಕಣ್ಣಿಗೆ ಬೀಳುತ್ತಿತ್ತು. ಕುರ್ಚಿಯ ಕೈಗಳ ಮೇಲೆ ಮಕ್ಕಳ ಹಲಗೆ ಅಡ್ಡ ಇಟ್ಟು ಕೂರಿಸಿದೆ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿದೆ. ಬೆಂಚಿನಲ್ಲಿ ಇಬ್ಬರು ಗಿರಾಕಿಗಳು ಪೇಪರ್ ಓದುತ್ತಿದ್ದರು. ನೀರು ಚಿಮುಕಿಸಿ ಬಾಚಿ ಕತ್ತರಿಸುತ್ತ, ಸುಮ್ಮನೆ ಬಾಯಿಗೆ ಬಂದದ್ದು ಎಂಬಂತೆ, ಅಮ್ಮನ ಮೇಲೆ ಇನ್ನೂ ಅನುಮಾನವಾ ಎಂದು ಕೇಳಿದೆ. ಕನ್ನಡಿಯಲ್ಲೇ ನನ್ನನ್ನು ನೋಡಿದಳು.

‘ಅಮ್ಮ ಅಮ್ಮನೇ. ನಂಗೊತ್ತು.’

ಮತ್ತೆ ಯಾಕೆ ಮಾತಾಡಲ್ಲ ಅಂದೆ. ಬಟ್ಟೆಯ ಮೇಲೆ ಬಿದ್ದ ಕೂದಲನ್ನು ಊದಿದಳು. ಆಮೇಲೆ ಹೇಳಿದಳು.

‘ಕೊನೇಲಿ ಅಮ್ಮ ಏನೋ ಹೇಳ್ತಿದ್ಲು, ಅದು ನಂಗೆ ಮರ್ತೋಗಿದೆ ಅಪ್ಪಾ. ಅದಕ್ಕೇ ಕೇಳಿದ್ದು. ಅಮ್ಮಂಗೂ ಮರ್ತೋಗಿದೆ. ಸಿನಿಮಾದಲ್ಲಿ ಆ ಹುಡುಗೀನೂ ಹೀಗೇ ಒಂದೊಂದೇ ಮರೆತದ್ದು. ಫೋನಲ್ಲಿ ಮಾತಾಡಿದ್ರೆ ನಂಗೆ ಫೋನಿನ ಅಮ್ಮನೇ ಅಭ್ಯಾಸ ಆಗ್ಬಿಡ್ತಾಳೆ. ಮನೇಲಿದ್ದ ಅಮ್ಮ ಕಿಟಕಿ ಹತ್ರ ಬಂದ್ರೆ ನಂಗೆ ಗೊತ್ತಾಗ್ದೆ ಹೋದ್ರೆ?’

ಪೇಪರ್ ಓದುತ್ತಿದ್ದವರು ಪೇಪರ್ ಇಳಿಸಿದರು. ನೋಡು, ಎಂಟು ವರ್ಷದ ಮಗು ಹೆದರಿರುವುದು ದೆವ್ವಕ್ಕಲ್ಲ, ನಿನಗಲ್ಲ, ತನಗೇ. ಇದಕ್ಕೆ ಯಾವ ಅಪ್ಪ ಏನು ಹೇಳಬೇಕು? ಹಾಗೆಲ್ಲ ಆಗಲ್ಲ ಮಗಳೇ ಅಂದೆ. ಎಷ್ಟು ಬಡವಾದ ಮಾತು! ಅವಳೂ ಹೂಂ ಅಂದಳು, ನನಗೆ ಬೇಜಾರಾಗದಿರಲಿ ಎಂದು. ಎಡಗಡೆ ಕೂದಲು ಗಿಡ್ಡವಾಯಿತು. ಅದಕ್ಕೆ ಸರಿಮಾಡಲು ಹೋಗಿ ಬಲಗಡೆ ಇನ್ನೂ ಗಿಡ್ಡವಾಯಿತು. ಫೋಟೋ ಕಳಿಸುವುದಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅವಳು ನನ್ನ ಬೆರಳು ಹಿಡಿದು ಒಂದೊಂದಾಗಿ ಕೇಳತೊಡಗಿದಳು. ಅಮ್ಮ ಮನೆಯಲ್ಲಿ ಎದ್ದ ತಕ್ಷಣ ಮೊದಲು ಯಾರನ್ನು ಕರೆಯುತ್ತಿದ್ದಳು, ಸ್ನಾನ ಮಾಡುವಾಗ ಯಾವ ಹಾಡು ಗುನುಗುತ್ತಿದ್ದಳು, ಸಿಟ್ಟು ಬಂದರೆ ಪಾತ್ರೆ ಕುಕ್ಕುತ್ತಿದ್ದಳೋ ಇಲ್ಲವೋ ಎಂದು. ಪಾತ್ರೆಯದ್ದು ಹೇಳಿದೆ, ಅದನ್ನು ಮರೆಯುವುದುಂಟೇ! ಹಾಡಿನದ್ದು ಬಾಯಿಗೆ ಬರಲಿಲ್ಲ. ನೀನು ನಗುವ ಸದ್ದು ನೆನಪು ಮಾಡಿಕೊಳ್ಳಲು ಹೋದರೆ ನನಗೂ ಫೋನಿನಲ್ಲಿ ನಕ್ಕದ್ದೇ ಕೇಳಿಸಿತು, ಆ ಒಡಕು ಒಡಕಾದ ಸದ್ದು. ಅವಳಿಗೆ ಇದನ್ನು ಹೇಳಲಿಲ್ಲ. ಬಾಯಾರಿತೇ ಎಂದು ಕೇಳಿ, ಬೇಡ ಅಂದರೂ ಹಣ್ಣಿನ ರಸ ಕುಡಿಸಿದೆ. ನಾನೂ ಕುಡಿದೆ.

ಈಗ ಏನು ಮಾಡಬೇಕೋ ನನಗೆ ತೋಚುತ್ತಿಲ್ಲ. ನೀನೂ ಅಲ್ಲಿಂದ ಏನು ಮಾಡುತ್ತೀಯ? ಕಥೆಯ ಕೊನೆಯಲ್ಲಿ ಏನು ಹೇಳುತ್ತಿದ್ದೆ ಎಂಬುದು ನೆನಪಾದರೆ ಒಂದು ಸಾಲು ಬರೆ. ನೆನಪಾಗದಿದ್ದರೆ ಹೊಸದಾಗಿ ಕಟ್ಟಿ ಬರೆಯಬೇಡ, ಅವಳಿಗೆ ತಿಳಿದುಬಿಡುತ್ತದೆ.

ಮೇಲ್ಮನೆ ಅಕ್ಕ ನಿನ್ನನ್ನು ಕೇಳಿದರೆಂದು ಹೇಳಲು ಹೇಳಿದ್ದಾರೆ. ಲಾರಿ ಡ್ರೈವರ್ ಕೂಡ ಅತ್ತಿಗೆಗೆ ನಮಸ್ಕಾರ ತಿಳಿಸು ಅಂದ. ಹೊತ್ತಿಗೆ ಸರಿಯಾಗಿ ಉಣ್ಣು, ಸೊಂಟಕ್ಕೆ ಎಣ್ಣೆ ಹಚ್ಚಿಕೋ, ಅಲ್ಲಿ ಯಾರೂ ಹಚ್ಚುವವರಿಲ್ಲದಿದ್ದರೆ ನೀನೇ ಹೇಗಾದರೂ ಹಚ್ಚಿಕೋ. ಚೂಟಿ ಹೇಳದಿದ್ದರೂ ಅವಳ ಪರವಾಗಿ ಒಂದು ಮುತ್ತು ನಾನೇ ಕಳಿಸುತ್ತಿದ್ದೇನೆ.

ಇಂತಿ,
ನಿನ್ನ ಮನೆಯವನು

ಮರೆತೆ. ಗಿರಾಕಿ ಶಟರ್ ತಟ್ಟುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಜ್ಜಿಯ ಮನೆಯವರು ಇನ್ನೆರಡು ವರ್ಷ ಇರು ಎಂದು ಕೇಳಿದ್ದಾರೆ, ಏನು ಮಾಡಲಿ ಎಂದು ಹೋದ ವಾರ ಕೇಳಿದೆಯಲ್ಲ. ನಿನಗೆ ಸರಿ ಕಂಡಂತೆ ಮಾಡು ಅಂದುಬಿಟ್ಟೆ. ಆಗ ಪಕ್ಕದಲ್ಲಿ ಜನ ಇದ್ದರು. ಆ ಕರಾರಿಗೆ ಸಹಿ ಹಾಕಬೇಡ. ಹಾಕಿಯಾಗಿದ್ದರೆ, ಅದನ್ನು ಅವಳಿಗೆ ಯಾವ ಮಾತಿನಲ್ಲಿ ಹೇಳಬೇಕು ಎಂಬುದನ್ನು ನೀನೇ ಬರೆದು ಕಳಿಸು. ನನ್ನಿಂದ ಆಗುವುದಿಲ್ಲ.