ಮೊಸಳೆಯ ಹನ್ನೊಂದು ಚಿತ್ರ

ಅನಗವಾಡಿ
೧೦ ಮಾರ್ಚ್ ೨೦೨೫, ಸೋಮವಾರ

ಪ್ರೀತಿಯ ಅವ್ವಾ, ನಿನ್ನ ಸಣ್ಣ ಮಗಳ ಶರಣು.

ಮೊಣಕಾಲು ಹೇಗಿದೆ? ಸೊಲ್ಲಾಪುರದ ಮನೆಯ ಮೆಟ್ಟಿಲು ಬಹಳ ಕಡಿದು ಎಂದು ಮಾವ ಹೇಳಿದ್ದರು. ದಿನಕ್ಕೆ ಒಂದು ಸಲ ಇಳಿದರೆ ಸಾಕು, ಕೂಸಿನ ಬಟ್ಟೆ ಒಣಹಾಕಲು ಮಾವನನ್ನೇ ಕಳಿಸು, ನಾಚಬೇಡ. ಗಂಗಕ್ಕನ ಹಾಲು ಕೂಸಿಗೆ ಸಾಕಾಗುತ್ತಿದೆಯೇ? ಕೂಸಿನ ಮೂಗು ನಮ್ಮ ಅಪ್ಪನದೇ ಎಂದು ಅಕ್ಕ ಫೋಟೋ ಕಳಿಸಿದ್ದಳು. ನನಗೇನೋ ಹಾಗೆ ಕಾಣಲಿಲ್ಲ, ಆದರೆ ಅಪ್ಪ ಅದನ್ನು ಊರಿಗೆಲ್ಲ ತೋರಿಸಿಕೊಂಡು ಬಂದ. ಅಪ್ಪ ಆರಾಮ ಇದ್ದಾನೆ. ಬಿಪಿ ಗುಳಿಗೆಯನ್ನು ಮರೆಯದಂತೆ ನಾನೇ ಕೊಡುತ್ತಿದ್ದೇನೆ.

ಸಾವಿತ್ರೆವ್ವ ಕಾಕಿಯ ಸುದ್ದಿಯನ್ನು ಅಪ್ಪ ನಿನಗೆ ಫೋನಿನಲ್ಲಿ ಹೇಳಿದ್ದಾನೆ. ಆದರೆ ಫೋನಿನಲ್ಲಿ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನೀನೇ ತುಂಬಿಕೊಂಡು ಗಾಬರಿಯಾಗುತ್ತಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಕಿ ಬದುಕಿದ್ದಾಳೆ. ಎಡಗೈ ಮೊಣಕೈಯಿಂದ ಕೆಳಗೆ ಇಲ್ಲ. ಹೋದ ಗುರುವಾರ ಬಾಗಲಕೋಟೆಯ ದವಾಖಾನೆಯಿಂದ ಮನೆಗೆ ಬಂದಳು. ಜ್ವರ ಇಳಿದಿದೆ. ಇಲ್ಲದ ಬೆರಳು ತುರಿಸುತ್ತದೆ ಎನ್ನುತ್ತಾಳೆ.

ಇದನ್ನು ಮೊದಲಿನಿಂದ ಹೇಳಬೇಕೆಂದರೆ ಗುರುಪಾದ ಸರ್ ಅವರಿಂದಲೇ ಹೇಳಬೇಕು. ಜಮಖಂಡಿಯ ಸಾಲಿಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿ, ನಿವೃತ್ತರಾದ ಮೇಲೆ ನಮ್ಮೂರ ಹೊಳೆ ದಂಡೆಯ ತೋಟದ ಮನೆಯನ್ನು ಬಾಡಿಗೆಗೆ ಹಿಡಿದ ಮನುಷ್ಯನ ಬಳಿ ನಾನು ಚಿತ್ರ ಕಲಿಯುವುದು ನಿನಗೆ ಒಳಗೊಳಗೇ ಇಷ್ಟವಿರಲಿಲ್ಲ. "ಆ ಮನಷಾಗ ನಗು ಬರಂಗಿಲ್ಲ" ಎಂದಿದ್ದೆ ನೀನು. ನಿಜ, ನಾನೂ ನೋಡಿಲ್ಲ. ಆದರೆ ಚಿತ್ರಕಲಾ ಕಾಲೇಜಿನ ಪ್ರವೇಶಕ್ಕೆ ಜೀವಂತ ಪ್ರಾಣಿಯನ್ನು ಎದುರಿಗಿಟ್ಟುಕೊಂಡು ತೆಗೆದ ಹನ್ನೆರಡು ಚಿತ್ರ ಬೇಕಿತ್ತು, ಅದನ್ನು ಕಲಿಸುವವರು ಈ ಸುತ್ತಮುತ್ತ ಅವರೊಬ್ಬರೇ. ಮೊದಲ ದಿನ ನಮ್ಮ ಎಮ್ಮೆಯ ಚಿತ್ರವನ್ನು ತೆಗೆದುಕೊಂಡು ಹೋಗಿದ್ದೆ. ಕರು ಸತ್ತ ಎಮ್ಮೆಯೆಂದು ಅದರ ಕಣ್ಣಂಚಿನಲ್ಲಿ ಒಂದು ಹನಿ ನೀರು ಬರೆದಿದ್ದೆ. ಸರ್ ರಬ್ಬರಿನಿಂದ ಆ ಹನಿಯನ್ನು ಅಳಿಸಿ, "ಕಣ್ಣಿಗೆ ಕಂಡಿದ್ದು ತಗಿ. ನಿನ್ನ ಹೊಟ್ಟ್ಯಾಗ ಆಗಿದ್ದು ತಗೀಬ್ಯಾಡ" ಎಂದರು. ಆಮೇಲೆ ಮುಧೋಳಕ್ಕೆ ಬೇಟೆನಾಯಿಗಳ ಚಿತ್ರ ತೆಗೆಯಲು ಕರೆದೊಯ್ದರು. ಅಲ್ಲಿ ಒಂದು ಮುದಿ ನಾಯಿ ಸಾಯುತ್ತಿತ್ತು. ಮನೆಯವರು ಅದರ ಬಾಯಿಗೆ ನೀರು ಬಿಡುತ್ತಿದ್ದರು, ಒಬ್ಬ ಹೆಣ್ಣುಮಗಳು ಅಳುತ್ತಿದ್ದಳು. ಸರ್ ನನ್ನನ್ನು ಎದುರಿಗೆ ಕೂರಿಸಿ, ಅದರ ಪಕ್ಕೆಲುಬು ಏರಿಳಿಯುವುದನ್ನು ಗೆರೆಯಲ್ಲಿ ಹಿಡಿಯಲು ಹೇಳಿದರು. ಹಿಡಿದೆ, ಅವ್ವಾ. ಅದು ನಾನು ತೆಗೆದ ಮೊದಲ ಒಳ್ಳೆಯ ಚಿತ್ರ. ಮನೆಗೆ ಬಂದು ಊಟ ಮಾಡದೆ ಮಲಗಿದ್ದೆ, ನೀನು ದೃಷ್ಟಿ ತೆಗೆದಿದ್ದೆ.

ಜನವರಿಯಲ್ಲಿ ನೀನು ಸೊಲ್ಲಾಪುರಕ್ಕೆ ಹೋದ ವಾರವೇ ನಡುಹೊಳೆಯ ಮಳಲಿನ ಮೇಲೆ ದೊಡ್ಡ ಮೊಸಳೆಯೊಂದು ಬಿಸಿಲಿಗೆ ಬಂದು ಮಲಗತೊಡಗಿತು. ನಾವಿಬ್ಬರೂ ದಂಡೆಯ ಮೇಲೆ ಕೂತು ತೆಗೆಯುತ್ತಿದ್ದೆವು. ದೂರವಾಯಿತು, ಕಟ್ಟಿಗೆಯ ಕೊರಡಿನ ಹಾಗೆ ಬರುತ್ತಿದೆ ಎಂದು ಸರ್ ಗೊಣಗುತ್ತಿದ್ದರು. ಎರಡು ವಾರ ಕಳೆಯುವುದರೊಳಗೆ ಅದು ಈಚೆ ದಂಡೆಗೇ ಬರಹತ್ತಿತು, ಹಾಳು ಪಂಪ್‌ಸೆಟ್ಟಿನ ಬಂಡೆಗೆ, ನಮ್ಮಿಂದ ಮೂವತ್ತು ಹೆಜ್ಜೆಗೆ. ನನ್ನ ಅದೃಷ್ಟ ಎಂದುಕೊಂಡೆ. ಒಂದು ಮುಂಜಾನೆ ಬೇಗ ಹೋದಾಗ ಸರ್ ಬಕೆಟ್ಟಿನಿಂದ ಕೋಳಿಯ ಕರುಳು, ಕಾಲು ಎತ್ತಿ ಬಂಡೆಯ ಮೇಲೆ ಎಸೆಯುತ್ತಿದ್ದುದನ್ನು ಕಂಡೆ. ಅವರು ನನ್ನನ್ನು ನೋಡಿದರು, ಕೈ ತೊಳೆದುಕೊಂಡರು, ಪೆನ್ಸಿಲ್ ಚೂಪು ಮಾಡಲು ಹೇಳಿದರು. ನಾನು ಯಾರಿಗೂ ಹೇಳಲಿಲ್ಲ. ಅಪ್ಪನಿಗೂ ಇಲ್ಲ.

ಯಾಕೆಂದರೆ ಚಿತ್ರ ಛಲೋ ಬರುತ್ತಿದ್ದವು. ಮೊಸಳೆ ನಗುತ್ತದೆ ಎನ್ನುತ್ತಾರಲ್ಲ, ನಗುವುದಿಲ್ಲ. ದವಡೆಯ ಅಂಚು ಹಾಗೆ ಸೊಟ್ಟಗಿದೆ, ಅಷ್ಟೇ. ಬೆನ್ನಿನ ಕೆಸರು ಒಣಗಿ ಬಿರಿಯುವಾಗ ಒಂದೊಂದು ಬಿಲ್ಲೆಯ ಬಣ್ಣ ಒಂದೊಂದು ಥರ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾನು ನಲವತ್ತರವರೆಗೆ ಎಣಿಸುತ್ತಿದ್ದೆ. ಭಯ, ಕರುಣೆ ಎರಡೂ ನನ್ನಲ್ಲಿ ಉಳಿದಿರಲಿಲ್ಲ. ಈಗ ಹಾಳೆಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಕಾಣುತ್ತದೆ. ಏಳನೆಯ ಚಿತ್ರದವರೆಗೆ ಅದರ ಮುಖ ನೀರಿನ ಕಡೆಗಿದೆ. ಎಂಟನೆಯದರಿಂದ ದಂಡೆಯ ಕಡೆಗೆ. ಬರೆದವಳು ನಾನೇ, ಅದನ್ನು ಆಗ ನೋಡಲಿಲ್ಲ.

ಫೆಬ್ರುವರಿ ಹದಿನೇಳು, ಸೋಮವಾರ. ಸರ್ ನಾಲ್ಕು ದಿನದಿಂದ ಮುಧೋಳದ ತಂಗಿಯ ಮನೆಯಲ್ಲಿದ್ದರು. ನಾನು ಹನ್ನೊಂದನೆಯ ಚಿತ್ರ ಮುಗಿಸಲು ಒಬ್ಬಳೇ ಹೋಗಿದ್ದೆ. ಹತ್ತು ಗಂಟೆಯ ಸುಮಾರಿಗೆ ಮೊಸಳೆ ಬಂಡೆಯಿಂದ ಸದ್ದಿಲ್ಲದೆ ನೀರಿಗೆ ಇಳಿಯಿತು. ಬೆನ್ನು ಮಾತ್ರ ಕಾಣುತ್ತಾ ದಂಡೆಗುಂಟ ಹೋಯಿತು, ನೀವೆಲ್ಲ ಬಟ್ಟೆ ಒಗೆಯುವ ಕಲ್ಲಿನ ಕಡೆಗೆ. ನಾನು ಆ ಬೆನ್ನಿನ ಗೆರೆಯನ್ನು ತೆಗೆಯುತ್ತಿದ್ದೆ. ಕಾಕಿಯ ಕೂಗು ಕೇಳಿದ ಮೇಲೂ ನನ್ನ ಕೈ ಇನ್ನೆರಡು ಗೆರೆ ಎಳೆಯಿತು. ಆಮೇಲೆ ಓಡಿದೆ. ಎಮ್ಮೆಯ ಮೈ ತೊಳೆಯುತ್ತಿದ್ದ ಶಂಕರೆಪ್ಪ ಕಾಕಾ ಅಷ್ಟರಲ್ಲಿ ನೀರಿಗೆ ಹಾರಿ, ಬಡಿಗೆಯಿಂದ ಅದರ ಕಣ್ಣಿನ ಮೇಲೆ ಹೊಡೆಯುತ್ತಿದ್ದ. ಹೆಂಡತಿಯನ್ನು ಎಳೆದು ತಂದು ದಂಡೆಗೆ ಹಾಕಿದಾಗ ನಾನು ನನ್ನ ಓಢಣಿಯಿಂದ ಅವಳ ಕೈ ಕಟ್ಟಿದೆ. ಅವಳಿಗೆ ಎಚ್ಚರವಿತ್ತು. "ಅಕ್ಷತಾ, ನನ್ನ ಬಳಿ ಎಲ್ಲೆವ?" ಎಂದು ಎಡಗೈಯ ಬಳೆಗಳನ್ನು ಕೇಳಿದಳು.

ಮರುದಿನ ಸರ್ ಬಂದರು. ಕಾಕಿ ಹೇಗಿದ್ದಾಳೆ ಎಂದು ಕೇಳುತ್ತಾರೆಂದು ಕಾಯುತ್ತ ನಿಂತೆ. ಅವರು ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಹಿಡದಾಗ ಅದರ ಕುತ್ತಿಗಿ ಹ್ಯಾಂಗ ತಿರಿಗಿತ್ತು, ನೋಡಿದಿಯೇನು?" ಎಂದು ಕೇಳಿದರು. ನಾನು ಪೆನ್ಸಿಲ್ ಡಬ್ಬಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಆ ವಾರದಲ್ಲೇ ಚಿಕನ್ ಅಂಗಡಿಯವನು ಬಾಯಿಬಿಟ್ಟ. ತೋಟದ ಮನೆಯ ಮಾಸ್ತರ ಮೊಸಳೆಗೆ ಹಾಕಿ ರೂಢಿ ಮಾಡಿ, ನಡುವೆ ಬಿಟ್ಟು ಊರಿಗೆ ಹೋದ, ಹಸಿದು ಬಂತು ಎಂದು ಊರಿಗೆಲ್ಲ ಗೊತ್ತಾಯಿತು. ಜನ ಮನೆಯ ಮುಂದೆ ಸೇರುವ ಮೊದಲೇ ಸರ್ ಜಮಖಂಡಿಗೆ ಹೋಗಿಬಿಟ್ಟಿದ್ದರು. ಬಾಗಿಲು ಮುರಿದು ಅವರ ಚಿತ್ರಗಳನ್ನೆಲ್ಲ ಸುಟ್ಟರು. ಅರಣ್ಯದವರು ಬೋನು ಇಟ್ಟಿದ್ದಾರೆ, ಹದಿನೈದು ದಿನವಾದರೂ ಖಾಲಿ. ಮೊಸಳೆ ಎಲ್ಲಿದೆಯೋ ಯಾರಿಗೂ ಕಂಡಿಲ್ಲ. ಹೆಣ್ಣುಮಕ್ಕಳು ಹೊಳೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಶಂಕರೆಪ್ಪ ಕಾಕಾ ಮಾತ್ರ ದಿನಾ ಕೊಡಲಿ ಹಿಡಿದು ದಂಡೆಗೆ ಹೋಗಿ ಕೂತು ಬರುತ್ತಾನೆ. ಆ ಮಾಸ್ತರ ಕೈಗೆ ಸಿಗಲಿ ಎನ್ನುತ್ತಾನೆ.

ಕಾಕಿಗೆ ಒಂದು ಕೈಯಿಂದ ರೊಟ್ಟಿ ಬಡಿಯಲು ಆಗುವುದಿಲ್ಲವಲ್ಲ, ದಿನಾ ಮುಂಜಾನೆ ಹೋಗಿ ನಾನೇ ಬಡಿದು ಕೊಟ್ಟು ಬರುತ್ತೇನೆ. ಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟು ಹರಸುತ್ತಾನೆ. ಓಢಣಿ ಕಟ್ಟಿ ಅವಳ ಜೀವ ಉಳಿಸಿದವಳು ಎಂದು ಬಂದವರಿಗೆಲ್ಲ ಹೇಳುತ್ತಾನೆ. ನನಗೆ ಅಲ್ಲಿ ನಿಲ್ಲಲು ಆಗುವುದಿಲ್ಲ.

ಅಕ್ಕನಿಗೆ, ಮಾವನಿಗೆ ನನ್ನ ನೆನಪು ಹೇಳು. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು. ನಿನ್ನ ಆಶೀರ್ವಾದ ನನಗೆ ಈಗ ಬೇಕು.

ನಿನ್ನ
ಅಕ್ಷತಾ

ತಾ.ಕ.: ಮಂಗಳವಾರ ಮುಂಜಾನೆ. ಅಪ್ಪ ಬೀಳಗಿಗೆ ಹೊರಟು ನಿಂತಿದ್ದಾನೆ, ಅಂಚೆಗೆ ಹಾಕಲು ಕಾಗದ ಕೇಳುತ್ತಿದ್ದಾನೆ. ನಿನ್ನೆ ಬರೆಯಲು ಆಗದ್ದು ಇದು. ಸರ್ ಮುಧೋಳದಲ್ಲಿದ್ದ ಶುಕ್ರವಾರ, ಶನಿವಾರ, ರವಿವಾರ ಮೊಸಳೆಗೆ ಹಾಕಿದವಳು ನಾನು. ಸರ್ ಹಾಕು ಎಂದು ಹೇಳಿರಲಿಲ್ಲ. ಚಿತ್ರ ಅರ್ಧ ಉಳಿದಿತ್ತು, ಅದು ದೂರ ಹೋಗಬಾರದೆಂದು ಚಿಕನ್ ಅಂಗಡಿಯ ಹಿಂದೆ ಎಸೆದಿದ್ದನ್ನು ಯಾರೂ ನೋಡದಂತೆ ನಾನೇ ಬಕೆಟ್ಟಿಗೆ ತುಂಬಿ ತಂದೆ. ಸೋಮವಾರ ತಲೆಗೆ ನೀರು ಹಾಕಿಕೊಂಡು ಪೂಜೆ ಮಾಡಿದ್ದೆ, ಆ ದಿನ ಮಾಂಸ ಮುಟ್ಟಲು ಮನಸ್ಸು ಬರಲಿಲ್ಲ. ಬರಿಗೈಯಲ್ಲಿ ಹೋದೆ. ಮೊಸಳೆ ಒಂದು ತಾಸು ನನ್ನನ್ನೇ ನೋಡಿತು, ಆಮೇಲೆ ಕಲ್ಲಿನ ಕಡೆಗೆ ಹೋಯಿತು. ಇವತ್ತು ಒಲೆಯ ಮುಂದೆ ಕೂತು ಕಾಕಿಗೆ ಇದನ್ನೆಲ್ಲ ಹೇಳಿದೆ. ಅವಳು, "ರೊಟ್ಟಿ ಹೊತ್ತಾಕತ್ತೈತಿ, ತಿರುವಿ ಹಾಕು" ಎಂದಳು. ನಾನು ಎದ್ದು ಹೊರಡುವಾಗ, "ಅವರ ಮುಂದ ನಾ ಮುಚ್ಚಿಡಂಗಿಲ್ಲ" ಎಂದಳು. ಕಾಕಾ ಸಂಜೆ ಹೊಲದಿಂದ ಬರುತ್ತಾನೆ. ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಅವನಿಗೆ ಗೊತ್ತಾಗಿರುತ್ತದೆ.